ರೈಲು ನೋಡುವವರಿಗೂ ಒಂದಿಷ್ಟು ಜಾಗ ಉಳಿಯಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಬಂದ ಹಳೆಯ ರೈಲುಗಳ ಚಿತ್ರಪುಟವನ್ನು ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಚಿತ್ರಗಳ ಆಯ್ಕೆ ಚೆನ್ನಾಗಿತ್ತು, ಮುದ್ರಣವೂ ಅಚ್ಚುಕಟ್ಟಾಗಿತ್ತು. ಪ್ರತಿ ಚಿತ್ರದ ಕೆಳಗೂ ಎಂಜಿನ್ನಿನ ಜಾತಿ, ಅದು ತಯಾರಾದ ವರ್ಷ, ಅದು ಮುಟ್ಟಬಲ್ಲ ವೇಗ ಎಲ್ಲವನ್ನೂ ಕೊಟ್ಟಿದ್ದಿರಿ. ಆದರೆ ಚಿತ್ರ ತೆಗೆದವರು ಎಲ್ಲಿ ನಿಂತಿದ್ದರು ಎಂಬುದು ಒಂದೇ ಒಂದು ಅಡಿಬರಹದಲ್ಲೂ ಇರಲಿಲ್ಲ. ರೈಲು ನೋಡುವ ಹವ್ಯಾಸವನ್ನೂ ರೈಲಿನ ಛಾಯಾಗ್ರಹಣವನ್ನೂ ಬಹುಕಾಲದಿಂದ ಹಚ್ಚಿಕೊಂಡಿರುವ ನನಗೆ ಈ ಕೊರತೆ ಚಿಕ್ಕದೆಂದು ತೋರಲಿಲ್ಲ. ಎಂಜಿನ್ನುಗಳನ್ನು ಕಾಪಾಡಲು ಸಂಗ್ರಹಾಲಯಗಳಿವೆ, ಅವುಗಳ ನಕ್ಷೆ ಮತ್ತು ಲೆಕ್ಕಪತ್ರಗಳನ್ನು ಜೋಪಾನ ಮಾಡುವ ಕಚೇರಿಗಳಿವೆ. ನಾವು ನಿಂತು ನೋಡುತ್ತಿದ್ದ ದಿಬ್ಬ, ಸೇತುವೆ, ತಿರುವುಗಳಿಗೆ ಅಂಥ ಯಾವ ಆಸರೆಯೂ ಇಲ್ಲ. ಅವು ಒಂದೊಂದಾಗಿ ಇಲ್ಲವಾಗುತ್ತಿವೆ, ಇಲ್ಲವಾದದ್ದನ್ನು ಬರೆದಿಡುವವರೂ ಕಾಣುವುದಿಲ್ಲ.

ಈ ಹವ್ಯಾಸದ ಪರಿಚಯವಿಲ್ಲದ ಓದುಗರಿಗೆ, ಹೋಗುವ ರೈಲನ್ನು ನೋಡುತ್ತ ಗಂಟೆಗಟ್ಟಲೆ ನಿಲ್ಲುವುದರಲ್ಲಿ ಏನಿದೆ ಎಂದು ಅನ್ನಿಸುವುದು ಸಹಜವೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ವಾಟರ್‌ಲೂ ನಿಲ್ದಾಣದ ರೈಲ್ವೆ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಇಯಾನ್ ಅಲನ್ ಎಂಬ ಯುವಕನಿಗೆ, ಎಂಜಿನ್ನುಗಳ ಬಗ್ಗೆ ವಿವರ ಕೇಳಿ ಬರುತ್ತಿದ್ದ ಪತ್ರಗಳಿಗೆ ಉತ್ತರ ಬರೆದು ಬರೆದು ಸಾಕಾಯಿತು. ಅವನ್ನೆಲ್ಲ ಒಟ್ಟುಗೂಡಿಸಿ 1942ರಲ್ಲಿ ಎಂಜಿನ್ ಸಂಖ್ಯೆಗಳ ಪುಟ್ಟ ಪುಸ್ತಕವೊಂದನ್ನು ಆತ ಹೊರತಂದ. ಕಂಡ ಎಂಜಿನ್ನಿನ ಸಂಖ್ಯೆಯ ಕೆಳಗೆ ಗೆರೆ ಎಳೆಯುವುದು, ಕಾಣದಿರುವುದಕ್ಕಾಗಿ ಕಾಯುವುದು, ಇಷ್ಟೇ ಆಟ. ಒಂದು ತಲೆಮಾರಿನ ಹುಡುಗರು ಈ ಆಟಕ್ಕೆ ಬಿದ್ದು, ಪೆನ್ಸಿಲು ಮತ್ತು ನೋಟುಪುಸ್ತಕ ಹಿಡಿದು ನಿಲ್ದಾಣದ ತುದಿಯಲ್ಲೂ ಸೇತುವೆಯ ಮೇಲೂ ಬೆಳೆದರು. ಅವರಲ್ಲಿ ಕೆಲವರ ಕೈಗೆ ಕ್ಯಾಮೆರಾ ಬಂದಾಗ ಹವ್ಯಾಸದ ಸ್ವರೂಪವೇ ಬದಲಾಯಿತು. ಸಂಖ್ಯೆ ಬರೆದುಕೊಳ್ಳುವವನಿಗೆ ಎಲ್ಲಿ ನಿಂತರೂ ನಡೆಯುತ್ತದೆ. ಚಿತ್ರ ತೆಗೆಯುವವನಿಗೆ ಹಾಗಲ್ಲ, ಜಾಗವೇ ಅವನ ಅರ್ಧ ಕೆಲಸ.

ಅದಕ್ಕೆ ಕಾರಣ ಸರಳ ಲೆಕ್ಕದಲ್ಲಿದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗಿರುತ್ತದೆ. ಕ್ಯಾಮೆರಾದ ಶಟರು ಸೆಕೆಂಡಿನ 500ನೆಯ ಒಂದು ಭಾಗದಷ್ಟು ಕಾಲ ಮಾತ್ರ ತೆರೆದರೂ ಅಷ್ಟರೊಳಗೆ ಎಂಜಿನ್ನು ಐದೂವರೆ ಸೆಂಟಿಮೀಟರಿನಷ್ಟು ಜರುಗಿರುತ್ತದೆ. ಹಳಿಯ ಪಕ್ಕದಲ್ಲಿ ನೇರಕ್ಕೆ ನಿಂತವನಿಗೆ ಆ ಐದೂವರೆ ಸೆಂಟಿಮೀಟರೂ ಮಸುಕಾಗಿ ಸಿಗುತ್ತದೆ. ಆದರೆ ರೈಲು ತಿರುವಿನಲ್ಲಿ ಎದುರಿಗೆ ಬರುತ್ತಿದ್ದು, ಅದನ್ನು ಓರೆಯಾಗಿ ನೋಡುವಂತೆ ನಿಂತರೆ ಅದೇ ಚಲನೆ ಲೆನ್ಸಿನ ಕಣ್ಣಿಗೆ ಬಹಳ ಕಡಿಮೆಯಾಗಿ ಕಾಣುತ್ತದೆ. ಎಂಜಿನ್ನಿನ ಮುಖ, ಪಕ್ಕ, ಹಿಂದೆ ಬಳುಕಿ ಬರುವ ಡಬ್ಬಿಗಳ ಸಾಲು ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಸ್ಪಷ್ಟವಾಗಿ ಕೂರುತ್ತವೆ. ಇದರ ಮೇಲೆ ಸೂರ್ಯ ಬೆನ್ನ ಹಿಂದೆ ತುಸು ವಾರೆಯಾಗಿ ಇರಬೇಕು, ಚಕ್ರಗಳ ಮೇಲೂ ಬೆಳಕು ಬೀಳುವಷ್ಟು ಕೆಳಗಿರಬೇಕು, ನಿಂತ ನೆಲ ಹಳಿಗಿಂತ ಒಂದಷ್ಟು ಎತ್ತರವಿರಬೇಕು, ಎಂಜಿನ್ನು ಶ್ರಮಪಟ್ಟು ಎಳೆಯುವಂಥ ಏರು ಇದ್ದರಂತೂ ಇನ್ನೂ ಒಳ್ಳೆಯದು. ಇಷ್ಟೂ ಗುಣಗಳು ಕೂಡಿದ ಜಾಗ ಒಂದು ಇಡೀ ಮಾರ್ಗದಲ್ಲಿ ಎರಡೋ ಮೂರೋ ಸಿಕ್ಕರೆ ಪುಣ್ಯ. ಹವ್ಯಾಸಿಗಳು ತಮ್ಮ ಮೆಚ್ಚಿನ ಜಾಗದ ಬಗ್ಗೆ ಇಷ್ಟು ಹಟದಿಂದ ಮಾತನಾಡುವುದು ಇದರಿಂದಲೇ.

ನನ್ನ ಜಾಗವೂ ಅಂಥದ್ದೇ ಆಗಿತ್ತು. ಗುಡ್ಡವನ್ನು ಕಡಿದು ಹಳಿ ಹಾಕಿದ ದಾರಿಯೊಂದು ಅಲ್ಲಿ ಮುಗಿದು, ಏರಿಯ ಮೇಲೆ ಎಡಕ್ಕೆ ಬಾಗುತ್ತಿತ್ತು. ಕಡಿದ ಗುಡ್ಡದ ಹೊರ ಅಂಚಿನಲ್ಲಿ, ರೈಲ್ವೆಯ ಗಡಿಕಲ್ಲಿನಿಂದ ಆಚೆಗೆ, ನಾಲ್ಕೈದು ಜನ ಒಬ್ಬರನ್ನೊಬ್ಬರು ತಳ್ಳದೆ ನಿಲ್ಲಬಹುದಾದ ಸಮತಟ್ಟು ನೆಲವಿತ್ತು. ಹಿಂದೆ ಕಾಲುದಾರಿಯ ಹಳೆಯ ಕಲ್ಲಿನ ಸೇತುವೆ, ಮುಂದೆ ದೂರದಲ್ಲಿ ಸಿಗ್ನಲ್ಲಿನ ಒಂದು ಕೈಮರ. ಬೆಳಗಿನ ಹೊತ್ತು ಏರುವ ಗಾಡಿಗಳಿಗೆ ಬೆಳಕು ಸರಿಹೋಗುತ್ತಿತ್ತು, ಸಂಜೆ ಇಳಿಯುವ ಗಾಡಿಗಳಿಗೆ ಸೇತುವೆಯ ಮೇಲಿಂದ ತೆಗೆದರೆ ಚೆಂದ. ನಡುಹಗಲಿನಲ್ಲಿ ಯಾರೂ ಕ್ಯಾಮೆರಾ ಮುಟ್ಟುತ್ತಿರಲಿಲ್ಲ, ನೆತ್ತಿಯ ಬಿಸಿಲಿಗೆ ಚಕ್ರಗಳೆಲ್ಲ ಕಪ್ಪು ನೆರಳಿನಲ್ಲಿ ಮುಳುಗಿಹೋಗುತ್ತಿದ್ದವು. ಚಳಿಗಾಲದ ಬೆಳಗುಗಳಿಗೆ ಬೇಡಿಕೆ ಹೆಚ್ಚು. ಗಾಳಿ ತಣ್ಣಗಿದ್ದಷ್ಟೂ ಚಿಮಣಿಯಿಂದ ಹೊರಟ ಹಬೆ ಬೇಗ ಹೆಪ್ಪುಗಟ್ಟಿ ದಟ್ಟ ಬಿಳಿಯಾಗಿ ರೈಲಿನ ಉದ್ದಕ್ಕೂ ಹಾಸುತ್ತಿತ್ತು. ಬೇಸಿಗೆಯಲ್ಲಿ ಅದೇ ಎಂಜಿನ್ನು ಅದೇ ಏರನ್ನು ಅಷ್ಟೇ ಕಷ್ಟದಿಂದ ಹತ್ತಿದರೂ ಮೇಲೆ ಏನೂ ಕಾಣುತ್ತಿರಲಿಲ್ಲ. ಹಬೆ ಎಂಜಿನ್ನಿನ ಕಾಲ ಮುಗಿದು ಡೀಸೆಲ್ ಬಂದ ಮೇಲೂ ನಾವು ಅಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಮೊದಮೊದಲು ಡೀಸೆಲನ್ನು ತಾತ್ಸಾರದಿಂದ ನೋಡಿದವರೇ ಆಮೇಲೆ, ಆ ಡೀಸೆಲುಗಳೂ ನಿವೃತ್ತಿಯಾಗುವ ಸುದ್ದಿ ಬಂದಾಗ, ಎಲ್ಲರಿಗಿಂತ ಮುಂಚೆ ಬಂದು ಒಳ್ಳೆಯ ಮೂಲೆಯನ್ನು ಹಿಡಿದುಕೊಂಡಿದ್ದರು.

ಅಲ್ಲಿ ರೈಲು ಕಣ್ಣಿಗೆ ಬೀಳುವುದಕ್ಕೆ ಬಹಳ ಮೊದಲೇ ಕಿವಿಗೆ ಬೀಳುತ್ತಿತ್ತು. ಕೈಮರದ ತಂತಿ ಸರಕ್ಕನೆ ಎಳೆದುಕೊಂಡ ಸದ್ದು ಮೊದಲನೆಯದು. ಅದಾದ ಎಷ್ಟೋ ಹೊತ್ತಿನ ಮೇಲೆ ಹಳಿ ಗುಂಯ್‌ಗುಡಲು ಶುರುವಾಗುತ್ತಿತ್ತು. ಉಕ್ಕಿನಲ್ಲಿ ಶಬ್ದವು ಗಾಳಿಯಲ್ಲಿ ಸಾಗುವುದಕ್ಕಿಂತ ಸುಮಾರು 15 ಪಟ್ಟು ವೇಗವಾಗಿ ಸಾಗುವುದರಿಂದ ಎಂಜಿನ್ನಿನ ಸದ್ದಿಗಿಂತ ಮೊದಲು ಹಳಿಯೇ ಸುದ್ದಿ ಕೊಡುತ್ತಿತ್ತು. ಬಳಿಕ ಎಂಜಿನ್ನಿನ ಉಸಿರು. ಎರಡು ಸಿಲಿಂಡರಿನ ಎಂಜಿನ್ನಾದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಸಲ ಉಸಿರು ಬಿಡುತ್ತದೆ, ಮೂರು ಸಿಲಿಂಡರಿನದಾದರೆ ಆರು ಸಲ. ಪಳಗಿದ ಕಿವಿಯವರು ತಿರುವಿನ ಆಚೆ ಬರುತ್ತಿರುವುದು ಯಾವ ಜಾತಿಯ ಎಂಜಿನ್ನೆಂದು ಇದರಿಂದಲೇ ಹೇಳಿ, ಉಳಿದವರು ನೋಟುಪುಸ್ತಕ ತೆರೆಯುವ ಮೊದಲೇ ಪಂದ್ಯ ಗೆದ್ದಿರುತ್ತಿದ್ದರು. ರೈಲು ಮುಂದೆ ದಾಟಿದ ಕೂಡಲೇ ಸೀಟಿಯ ಸ್ವರ ಒಂದು ಮೆಟ್ಟಿಲು ಕೆಳಗಿಳಿಯುವುದನ್ನು ಎಲ್ಲರೂ ಕೇಳಿದ್ದೇವೆ. ಡಾಪ್ಲರ್ ಎಂಬ ವಿಜ್ಞಾನಿ 1842ರಲ್ಲಿ ಹೇಳಿದ ಈ ಸಂಗತಿಯನ್ನು ಮೂರು ವರ್ಷಗಳ ಬಳಿಕ ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ ಪರೀಕ್ಷಿಸಿದ್ದು ಯೂಟ್ರೆಕ್ಟ್ ಬಳಿಯ ರೈಲು ಹಾದಿಯಲ್ಲೇ. ರೈಲಿನಲ್ಲಿ ಕಹಳೆಯವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನವಿದ್ದವರನ್ನು ನಿಲ್ಲಿಸಿ ಆತ ಅದನ್ನು ಸಾಧಿಸಿ ತೋರಿಸಿದ. ಹಳಿಯ ಪಕ್ಕ ಸುಮ್ಮನೆ ನಿಲ್ಲುವವರನ್ನು ಕೆಲಸವಿಲ್ಲದವರೆಂದು ಹಾಸ್ಯ ಮಾಡುವವರಿಗೆ ನಾನು ಈ ಉದಾಹರಣೆಯನ್ನು ಕೊಡುವುದುಂಟು. ಈಗ ಹಳಿಗಳನ್ನು ಬೆಸುಗೆ ಹಾಕಿ ಉದ್ದಕ್ಕೂ ಒಂದಾಗಿಸಿರುವುದರಿಂದ ಕೀಲುಗಳ ಮೇಲೆ ಚಕ್ರ ಬಡಿಯುವ ಆ ಹಳೆಯ ತಾಳ ಬಹಳ ಕಡೆ ನಿಂತುಹೋಗಿದೆ. ಪ್ರಯಾಣಿಕರಿಗೆ ಇದರಿಂದ ಸುಖ ಹೆಚ್ಚಾಗಿದೆ ಎಂಬುದನ್ನು ಅಲ್ಲಗಳೆಯಲಾರೆ.

ಕ್ಯಾಮೆರಾದ ಒಂದು ರೀಲಿನಲ್ಲಿ 36 ಚಿತ್ರಗಳು ಮಾತ್ರ. ದಿನವಿಡೀ ಕಾದರೂ ಬೆರಳು ಒತ್ತಬೇಕಾದ ಕ್ಷಣ ಕೆಲವೇ ಇರುತ್ತಿದ್ದುದರಿಂದ, ತಿರುವಿನ ಯಾವ ಕಲ್ಲಿನ ಬಳಿ ಎಂಜಿನ್ನು ಬಂದಾಗ ಒತ್ತಬೇಕೆಂದು ಮೊದಲೇ ಗುರುತು ಮಾಡಿಕೊಂಡು, ಅಲ್ಲಿಗೇ ಫೋಕಸ್ ಕೂಡಿಸಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ತುಸು ಮುಂಚೆ ಒತ್ತಿದರೆ ಎಂಜಿನ್ನು ಚಿಕ್ಕದಾಗುತ್ತಿತ್ತು, ತುಸು ತಡವಾದರೆ ಅದರ ಮೂತಿ ಚೌಕಟ್ಟಿನ ಹೊರಗೆ. ಮತ್ತೊಂದು ಅವಕಾಶವಿಲ್ಲ, ಆ ಗಾಡಿ ಮತ್ತೆ ಬರುವುದು ಮರುದಿನವೇ. ಬಣ್ಣದ ಸ್ಲೈಡುಗಳಿಗೆ ಕೊಡಾಕ್ರೋಮ್ ಹೆಸರುವಾಸಿಯಾಗಿತ್ತು. 1935ರಲ್ಲಿ ಬಂದ ಈ ಫಿಲ್ಮಿಗೆ ಬೆಳಕು ಬಹಳ ಬೇಕಾಗುತ್ತಿತ್ತು, ಮೋಡ ಕವಿದ ದಿನ ಓಡುವ ರೈಲಿಗೆ ಅದನ್ನು ಹಾಕುವುದೇ ದಡ್ಡತನ. ಆದರೆ ಕತ್ತಲಲ್ಲಿ ಸರಿಯಾಗಿ ಇಟ್ಟರೆ ಅದರ ಬಣ್ಣ ದಶಕಗಳು ಕಳೆದರೂ ಮಾಸುವುದಿಲ್ಲ. 2009ರಲ್ಲಿ ಅದರ ತಯಾರಿಕೆ ನಿಂತಿತು. ಅದನ್ನು ಸಂಸ್ಕರಿಸುತ್ತಿದ್ದ ಜಗತ್ತಿನ ಕೊನೆಯ ಪ್ರಯೋಗಾಲಯ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಪಟ್ಟಣದ್ದು, 2010ರ ಡಿಸೆಂಬರ್ ಕೊನೆಯಲ್ಲಿ ಆ ಕೆಲಸವನ್ನು ಕೈಬಿಟ್ಟಿತು. ಆ ಕೊನೆಯ ದಿನಗಳಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ರೀಲುಗಳನ್ನು ಒಬ್ಬನೇ ಸಂಸ್ಕರಣೆ ಮಾಡಿಸಿಕೊಂಡು ಹೋದ ವ್ಯಕ್ತಿ ಒಬ್ಬ ರೈಲ್ವೆ ನೌಕರ, ಮತ್ತು ಆ ರೀಲುಗಳಲ್ಲಿ ಇದ್ದದ್ದು ಬಹುಪಾಲು ರೈಲುಗಳ ಚಿತ್ರಗಳೇ. ಈ ಸುದ್ದಿಯನ್ನು ಓದಿದ ನಮ್ಮ ಗುಂಪಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಇಂಥ ಜಾಗಗಳು ಹೇಗೆ ಮಾಯವಾಗುತ್ತವೆ ಎಂಬುದನ್ನು ಹೇಳಬೇಕು, ಏಕೆಂದರೆ ಎಲ್ಲವನ್ನೂ ಯಾರೋ ಬೇಕೆಂದು ಕಸಿದುಕೊಂಡರು ಎನ್ನುವ ದೂರು ನನ್ನದಲ್ಲ. ಮೊದಲ ಪೆಟ್ಟು ಮರಗಳದ್ದು. ಹಬೆ ಎಂಜಿನ್ನಿನ ಕಿಡಿ ಹಾರಿ ಹುಲ್ಲಿಗೆ ಬೆಂಕಿ ಬೀಳದಿರಲೆಂದು ಆಗೆಲ್ಲ ಹಳಿಯ ಇಕ್ಕೆಲದ ಗಿಡಗಂಟಿಗಳನ್ನು ಸವರುತ್ತಲೇ ಇರುತ್ತಿದ್ದರು. ಕಿಡಿ ಹೋದ ಮೇಲೆ ಆ ಕೆಲಸವೂ ಸಡಿಲವಾಯಿತು, ಹತ್ತಿಪ್ಪತ್ತು ವರ್ಷಗಳಲ್ಲಿ ನಮ್ಮ ತಿರುವಿನ ಅರ್ಧಭಾಗ ಎಲೆಗಳ ಹಿಂದೆ ಹೋಯಿತು. ಆಮೇಲೆ ವಿದ್ಯುದೀಕರಣ ಬಂತು. ಕಂಬಗಳ ಸಾಲು ಸರಿಯಾಗಿ ಬೆಳಕಿನ ಬದಿಯಲ್ಲೇ ನಿಂತಿತು. ಎಷ್ಟು ಜಾಣತನದಿಂದ ಕ್ಯಾಮೆರಾ ಹಿಡಿದರೂ ಒಂದು ಕಂಬ ಎಂಜಿನ್ನಿನ ಹಣೆಯ ಮೇಲೆ ನಾಮ ಎಳೆದಂತೆ ಬಂದೇ ಬರುತ್ತಿತ್ತು. ತಂತಿಯಲ್ಲಿ 25 ಸಾವಿರ ವೋಲ್ಟ್ ಹರಿಯುವುದರಿಂದ, ಮುಟ್ಟದಿದ್ದರೂ ಹತ್ತಿರ ಹೋದ ಮಾತ್ರಕ್ಕೆ ಅದು ಜಿಗಿದು ಹೊಡೆಯಬಲ್ಲುದಾದ್ದರಿಂದ, ಸೇತುವೆಯ ಕೈಗೋಡೆಯನ್ನು ಆಳೆತ್ತರಕ್ಕೆ ಏರಿಸಿ ಸಂದಿಲ್ಲದಂತೆ ಮುಚ್ಚಿದರು. ಅದು ಆಗಬೇಕಾದದ್ದೇ. ಕಟ್ಟಕಡೆಗೆ ಬಂದದ್ದು ಬೇಲಿ. ಗಡಿಕಲ್ಲಿನ ಆಚೆಗಿದ್ದ ನಮ್ಮ ಸಮತಟ್ಟು ನೆಲಕ್ಕೂ ಸೇರಿಸಿ, ಒತ್ತೊತ್ತಾದ ಉಕ್ಕಿನ ಪಟ್ಟಿಗಳನ್ನು ನೆಟ್ಟರು. ಈ ಒಂದು ಕೆಲಸ ಹೀಗೇ ಆಗಬೇಕಿತ್ತೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಕಾಲುದಾರಿ ಇನ್ನೂ ಇದೆ, ಅದರಲ್ಲಿ ನಡೆದುಹೋಗಬಹುದು. ನೋಡಲು ಮಾತ್ರ ಏನೂ ಇಲ್ಲ.

ಸುರಕ್ಷತೆಯ ಮಾತು ಬಂದಾಗ ಹವ್ಯಾಸಿಗಳ ಬಾಯಿ ಕಟ್ಟುತ್ತದೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಈ ಹವ್ಯಾಸ ಸಂಘಟಿತವಾದದ್ದೇ ಸುರಕ್ಷತೆಯ ಪ್ರಶ್ನೆಯಿಂದ. 1944ರಲ್ಲಿ ಇಂಗ್ಲೆಂಡಿನ ಟ್ಯಾಮ್‌ವರ್ತ್ ಎಂಬಲ್ಲಿ ರೈಲು ನೋಡಲು ಬಂದ ಹುಡುಗರು ಹಳಿಗಳ ಮೇಲೆ ಇಳಿದು ತೊಂದರೆಯಾದಾಗ, ಹಿಂದೆ ಹೇಳಿದ ಇಯಾನ್ ಅಲನ್ ಅವರೇ ಹುಡುಗರಿಗಾಗಿ ಒಂದು ಸಂಘ ಕಟ್ಟಿದರು, ರೈಲ್ವೆಯ ಗಡಿಯೊಳಗೆ ಅತಿಕ್ರಮಿಸುವುದಿಲ್ಲ ಎಂಬುದು ಅದರ ಸದಸ್ಯರು ಪಾಲಿಸಬೇಕಾದ ಕಟ್ಟಳೆಯಾಯಿತು. ನಮ್ಮಲ್ಲಿಯೂ ಗಡಿಕಲ್ಲು ದಾಟಿದವನ ಜೊತೆ ಮರುದಿನ ಯಾರೂ ಮಾತನಾಡುತ್ತಿರಲಿಲ್ಲ. ಒಬ್ಬ ದಾಟಿದರೆ ಎಲ್ಲರ ಚಿತ್ರದಲ್ಲೂ ಅವನ ಬೆನ್ನು ಬರುತ್ತದೆ ಎಂಬುದು ಇನ್ನೊಂದು ಕಾರಣ, ಅದನ್ನೂ ಮುಚ್ಚಿಡಬೇಕಾಗಿಲ್ಲ. 2016ರ ಫೆಬ್ರವರಿಯಲ್ಲಿ ದುರಸ್ತಿ ಮುಗಿಸಿ ಮರಳಿದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನ್ನು ಲಂಡನ್ನಿನಿಂದ ಯಾರ್ಕಿಗೆ ಹೊರಟಾಗ, ಸೇಂಟ್ ನಿಯೊಟ್ಸ್ ಬಳಿ ಜನ ಹಳಿಗೆ ಇಳಿದಿದ್ದರಿಂದ ಆ ಗಾಡಿಯನ್ನು ನಿಲ್ಲಿಸಬೇಕಾಯಿತು. ಅಂಥ ವರ್ತನೆಯನ್ನು ಸಮರ್ಥಿಸುವ ಮಾತೇ ಇಲ್ಲ. ಆದರೆ ನೋಡಲು ನೆಟ್ಟಗಿನ ಜಾಗವಿಲ್ಲದ ಕಡೆ, ನೋಡಲೇಬೇಕೆಂಬ ಜನ ಎಲ್ಲಿಗೆ ಇಳಿಯುತ್ತಾರೆ ಎಂಬುದನ್ನು ಬೇಲಿ ಹಾಕುವವರೂ ಯೋಚಿಸಬೇಕಾಗುತ್ತದೆ.

ಯೋಚಿಸಿದವರು ಇಲ್ಲದೆ ಇಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ರೊಷೆಲ್ ಎಂಬ ಊರಿನಲ್ಲಿ ಎರಡು ದೊಡ್ಡ ಸರಕು ಮಾರ್ಗಗಳು ಒಂದನ್ನೊಂದು ಅಡ್ಡ ಹಾಯುವ ಜಾಗವಿದೆ. ಅಲ್ಲಿನ ಆಡಳಿತವು 1998ರಲ್ಲಿ ಅದರ ಪಕ್ಕದಲ್ಲೇ ಉದ್ಯಾನವೊಂದನ್ನು ಮಾಡಿ, ನೆರಳಿಗೆ ಒಂದು ಮಂಟಪ ಕಟ್ಟಿ, ರೈಲು ಸಿಬ್ಬಂದಿ ರೇಡಿಯೊದಲ್ಲಿ ಆಡುವ ಮಾತು ಕೇಳಿಸುವಂತೆ ವ್ಯವಸ್ಥೆ ಮಾಡಿತು. ಮುಂದಿನ ಗಾಡಿ ಯಾವ ಕಡೆಯಿಂದ ಬರುತ್ತದೆ ಎಂದು ಅಲ್ಲಿ ಕೂತವರಿಗೆ ಮೊದಲೇ ತಿಳಿಯುತ್ತದೆ. ಜಾರ್ಜಿಯಾ ರಾಜ್ಯದ ಫೋಕ್‌ಸ್ಟನ್ ಕೂಡ ಇಂಥದೇ ಕಟ್ಟೆಯನ್ನು ಕಟ್ಟಿಕೊಂಡಿದೆ. ಟೋಕಿಯೋದ ನಿಪ್ಪೊರಿ ನಿಲ್ದಾಣದ ಪಕ್ಕದ ರಸ್ತೆ ಸೇತುವೆಯಲ್ಲಿ, ಕೆಳಗೆ ಹಾಯುವ ಹತ್ತಾರು ಹಳಿಗಳನ್ನು ನೋಡುವವರಿಗಾಗಿಯೇ ಒಂದು ಪುಟ್ಟ ಮೊಗಸಾಲೆಯನ್ನು ಹೊರಚಾಚಿ ಕಟ್ಟಿದ್ದಾರೆ. ಜಗತ್ತಿನ ಅತಿ ದಟ್ಟಣೆಯ ರೈಲು ಮಾರ್ಗಗಳ ಪೈಕಿ ಕೆಲವು ಅದರ ಕೆಳಗೇ ಓಡುತ್ತವೆ, ಬುಲೆಟ್ ರೈಲುಗಳೂ ಸೇರಿ. ಪೆನ್ಸಿಲ್ವೇನಿಯಾದ ಹಾರ್ಸ್‌ಶೂ ತಿರುವು 1854ರಲ್ಲಿ ಸಂಚಾರಕ್ಕೆ ತೆರೆದದ್ದು, ಅದರ ಒಳಬಾಗಿನಲ್ಲಿ ನಿಂತವನನ್ನು ಮೂರು ಬದಿಯಿಂದಲೂ ಒಂದೇ ಗೂಡ್ಸ್ ಗಾಡಿ ಬಳಸಿ ಹೋಗುತ್ತದೆ. ಇಂದಿಗೂ ಅಲ್ಲಿ ಸಾರ್ವಜನಿಕರಿಗೆ ಪ್ರವೇಶವಿದೆ. ಡಾರ್ಜಿಲಿಂಗ್ ಬೆಟ್ಟದ ರೈಲಿನ ಬತಾಸಿಯಾ ಸುರುಳಿಯ ನಡುವೆಯಂತೂ ತೋಟವೇ ಇದೆ. ಇವುಗಳಲ್ಲಿ ಯಾವುದಕ್ಕೂ ಮಹಾ ತಂತ್ರಜ್ಞಾನ ಬೇಕಾಗಿಲ್ಲ. ಕೈಗೋಡೆಯಲ್ಲಿ ಗಟ್ಟಿ ಗಾಜು ಕೂರಿಸಿದ ಒಂದು ಕಿಂಡಿ, ಬೇಲಿಯಲ್ಲಿ ಲೆನ್ಸು ಹಿಡಿಸುವಷ್ಟು ಬಿಡುವು, ಅದರ ಈಚೆಗೆ ಒಂದು ಬೆಂಚು ಇದ್ದರೆ ಸಾಕು. ಕಾಮಗಾರಿಯ ನಕ್ಷೆ ಬರೆಯುವಾಗಲೇ ಇದನ್ನು ಸೇರಿಸಿದರೆ ತಗಲುವ ಖರ್ಚು ಇಡೀ ಕೆಲಸದ ಲೆಕ್ಕದಲ್ಲಿ ಕಾಣಿಸುವುದೂ ಇಲ್ಲ, ಮುಗಿದ ಮೇಲೆ ಸೇರಿಸಹೊರಟರೆ ಅದೇ ದೊಡ್ಡ ಯೋಜನೆಯಾಗಿ ಕಡತದಲ್ಲಿ ಮಲಗುತ್ತದೆ.

ನೋಡಲು ಜಾಗ ಕೊಟ್ಟದ್ದರಿಂದ ರೈಲ್ವೆಗಳಿಗೇ ಆದ ಲಾಭಕ್ಕೆ ಓ. ವಿನ್ಸ್ಟನ್ ಲಿಂಕ್ ಅವರ ಕೆಲಸವೇ ಸಾಕ್ಷಿ. 1955ರಿಂದ 1960ರವರೆಗೆ, ಅಮೆರಿಕದ ದೊಡ್ಡ ರೈಲ್ವೆಗಳಲ್ಲಿ ಕೊನೆಯವರೆಗೂ ಹಬೆ ಎಂಜಿನ್ ಓಡಿಸಿದ ನಾರ್ಫೋಕ್ ಅಂಡ್ ವೆಸ್ಟರ್ನ್ ಮಾರ್ಗದ ಉದ್ದಕ್ಕೂ ಅವರು ರಾತ್ರಿಯ ಹೊತ್ತು ಚಿತ್ರ ತೆಗೆದರು. ಹಗಲಿನ ಸೂರ್ಯ ಬೇಕಾದ ಕಡೆ ಇರುವುದಿಲ್ಲವಾದ್ದರಿಂದ ಹತ್ತಾರು ಫ್ಲ್ಯಾಶ್ ಬಲ್ಬುಗಳನ್ನು ತಂತಿಯಿಂದ ಜೋಡಿಸಿ ಬೆಳಕನ್ನೇ ತಾವು ಕಟ್ಟಿಕೊಂಡರು. ರೈಲ್ವೆಯವರು ಅವರನ್ನು ಅಟ್ಟಲಿಲ್ಲ, ಜೊತೆಗೂಡಿದರು. ಇಂದು ಆ ರೈಲ್ವೆ ಕಂಪನಿ ಆ ಹೆಸರಿನಲ್ಲಿ ಉಳಿದಿಲ್ಲ. ಅದರ ರೊನೋಕ್ ನಗರದ ಹಳೆಯ ಪ್ರಯಾಣಿಕರ ನಿಲ್ದಾಣದ ಕಟ್ಟಡದಲ್ಲಿ ಲಿಂಕ್ ಅವರ ಚಿತ್ರಗಳ ಸಂಗ್ರಹಾಲಯವಿದೆ, ಜನ ಟಿಕೆಟ್ಟು ಕೊಂಡು ಹೋಗಿ ನೋಡುತ್ತಾರೆ. ಎರಿಕ್ ಟ್ರೇಸಿ ಎಂಬ ಇಂಗ್ಲಿಷ್ ಪಾದ್ರಿ ವೇಕ್‌ಫೀಲ್ಡಿನ ಬಿಷಪ್ಪರಾದ ಮೇಲೂ ಕ್ಯಾಮೆರಾ ಕೆಳಗಿಡಲಿಲ್ಲ. 1978ರಲ್ಲಿ ಅವರು ತೀರಿಕೊಂಡದ್ದು ಆಪಲ್‌ಬಿ ನಿಲ್ದಾಣದಲ್ಲಿ, ಬರಬೇಕಿದ್ದ ಹಬೆ ರೈಲಿಗಾಗಿ ಕಾಯುತ್ತಿದ್ದಾಗ. ಅವರ ಚಿತ್ರಗಳು ಈಗ ಯಾರ್ಕಿನ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯದ ಸ್ವತ್ತು. ಹಳಿ ಕಿತ್ತುಹೋದ ಮೇಲೆ ಒಂದು ಮಾರ್ಗ ಹೇಗಿತ್ತು, ಯಾವ ಡಬ್ಬಿಯ ನಂತರ ಯಾವುದನ್ನು ಜೋಡಿಸುತ್ತಿದ್ದರು, ದೀಪ ಎಲ್ಲಿ ತೂಗುಹಾಕುತ್ತಿದ್ದರು, ನಿಲ್ದಾಣದ ಫಲಕಕ್ಕೆ ಯಾವ ಬಣ್ಣವಿತ್ತು ಎಂಬುದನ್ನು ತಿಳಿಯಲು ಹಳೆಯ ಎಂಜಿನ್ ದುರಸ್ತಿ ಮಾಡುವವರೂ ಮಾದರಿ ಕಟ್ಟುವವರೂ ಕೊನೆಗೆ ಬರುವುದು ಇಂಥ ಹವ್ಯಾಸಿಗಳ ಪೆಟ್ಟಿಗೆಗಳ ಬಳಿಗೇ.

ಮೊಬೈಲಿನಲ್ಲಿ ಎಲ್ಲರೂ ಎಲ್ಲವನ್ನೂ ಚಿತ್ರಿಸುವ ಈ ಕಾಲದಲ್ಲಿ ಇದೆಲ್ಲ ಹಳಬರ ಹಳಹಳಿಕೆ ಎಂದು ನಿಮ್ಮ ಕೆಲವು ಓದುಗರಿಗೆ ಅನ್ನಿಸಬಹುದು. ಹಳಹಳಿಕೆ ಇಲ್ಲವೆಂದು ನಾನು ಹೇಳಲಾರೆ. ಇಂದಿನ ಕ್ಯಾಮೆರಾ ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ತೆಗೆಯುತ್ತದೆ, ಗಂಟೆ ನಿಮಿಷಗಳನ್ನೂ ತಾನೇ ಬರೆದುಕೊಳ್ಳುತ್ತದೆ, ನಮ್ಮ ಕಾಲದ ಎಷ್ಟೋ ಸೋಲುಗಳು ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಅದಕ್ಕೆ ಸಂತೋಷವೇ. ಆದರೆ ಎಷ್ಟೇ ಚುರುಕಾದ ಕ್ಯಾಮೆರಾವಾದರೂ ಅದನ್ನು ಹಿಡಿದವನು ಎಲ್ಲಾದರೂ ನಿಲ್ಲಲೇಬೇಕು. ಈಗ ಪ್ರಕಟವಾಗುವ ರೈಲು ಚಿತ್ರಗಳನ್ನು ಸಾಲಾಗಿಟ್ಟು ನೋಡಿ. ಹೆಚ್ಚಿನವು ನಿಲ್ದಾಣದ ಪ್ಲಾಟ್‌ಫಾರ್ಮಿನ ತುದಿಯಿಂದ ತೆಗೆದವು, ಒಂದೇ ಎತ್ತರ, ಒಂದೇ ಕೋನ. ಬಯಲನ್ನೂ ಕಣಿವೆಯನ್ನೂ ಹಾಯುವ ರೈಲು, ಅದು ಹಾಯುವ ನೆಲದ ಜೊತೆಗೆ ಕಾಣುವ ಚಿತ್ರ ಅಪರೂಪವಾಗುತ್ತಿದೆ.

ಆದ್ದರಿಂದ ಎರಡು ಕೋರಿಕೆಗಳು. ಹಳಿಗಳ ಪಕ್ಕದಲ್ಲಿ ಬೇಲಿ, ಗೋಡೆ, ಸೇತುವೆಗಳ ಕೆಲಸಕ್ಕೆ ಕೈಹಾಕುವ ಎಂಜಿನಿಯರುಗಳು, ಅಲ್ಲಿ ಜನ ನಿಂತು ರೈಲು ನೋಡುವ ರೂಢಿಯ ಜಾಗವೇನಾದರೂ ಇದೆಯೇ ಎಂದು ಒಮ್ಮೆ ಸುತ್ತಮುತ್ತಲಿನವರನ್ನು ಕೇಳಲಿ. ಇದ್ದರೆ ಅದನ್ನು ಸುರಕ್ಷಿತವಾಗಿ ಉಳಿಸುವ ದಾರಿ ಬಹುಪಾಲು ಕಡೆ ಸಿಕ್ಕೇ ಸಿಗುತ್ತದೆ. ಎರಡನೆಯದು ಹಳೆಯ ಚಿತ್ರಗಳನ್ನು ಇಟ್ಟುಕೊಂಡಿರುವ ಓದುಗರಿಗೆ. ಪ್ರತಿ ಪ್ರತಿಯ ಹಿಂದೆ, ಮೆದು ಪೆನ್ಸಿಲಿನಲ್ಲಿ, ನಿಂತ ಜಾಗ, ಮುಖ ಮಾಡಿದ ದಿಕ್ಕು, ತಿಂಗಳು, ಹೊತ್ತು ಇಷ್ಟನ್ನು ಬರೆದಿಡಿ. ಬಾಲ್‌ಪೆನ್ನು ಒತ್ತಿ ಬರೆದರೆ ಗುರುತು ಮುಂಬದಿಗೆ ಮೂಡುತ್ತದೆ. ಸ್ಲೈಡುಗಳಾದರೆ ಅವುಗಳ ರಟ್ಟಿನ ಚೌಕಟ್ಟಿನ ಮೇಲೇ ಜಾಗವಿರುತ್ತದೆ. ಎಂಜಿನ್ನಿನ ಸಂಖ್ಯೆಯನ್ನು ಚಿತ್ರದಿಂದಲೇ ಓದಿಕೊಳ್ಳಬಹುದು, ನೀವು ನಿಂತ ದಿಬ್ಬದ ಹೆಸರನ್ನು ನಿಮ್ಮ ಹೊರತು ಯಾರೂ ಹೇಳಲಾರರು.

ತಾವು ಮುಂದೆ ಇಂಥ ಇನ್ನೊಂದು ಪುಟವನ್ನು ತರುವುದಾದರೆ, ಚಿತ್ರ ತೆಗೆದ ಸ್ಥಳದ ಬಗ್ಗೆ ಪ್ರತಿ ಅಡಿಬರಹದಲ್ಲಿ ಒಂದು ಸಾಲನ್ನು ಸೇರಿಸಬೇಕೆಂದು ವಿನಂತಿ. ಆ ಪುಟಕ್ಕೆ ನನ್ನ ಸ್ಲೈಡುಗಳನ್ನು ಕಳುಹಿಸಿಕೊಡಲು ಸಿದ್ಧನಿದ್ದೇನೆ, ಜಾಗದ ವಿವರಗಳನ್ನೆಲ್ಲ ಬರೆದೇ ಇಟ್ಟಿದ್ದೇನೆ. ಸ್ಕ್ಯಾನ್ ಮಾಡಿಕೊಂಡ ಮೇಲೆ ಮೂಲ ಪ್ರತಿಗಳನ್ನು ಹಿಂದಿರುಗಿಸುವ ಏರ್ಪಾಡು ಇದ್ದರಾಯಿತು.

ಇತಿ,
ತಮ್ಮ ಪತ್ರಿಕೆಯ ಹಳೆಯ ಓದುಗ